ಮಾಗಿಯ ಮಂಕು ಹವೆಯೂ ಬೇಸಾಯವೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಮಂಡಕಳ್ಳಿ ಇಂದು ವಿಮಾನ ನಿಲ್ದಾಣದಿಂದ ಹೆಸರಾಗಿದೆ. ಸಂಸ್ಥಾನದ ಕಾಲದ ಇಳಿದಾಣ 2010ರಲ್ಲಿ ಹೊಸ ರೂಪ ಪಡೆದ ಮೇಲೆ ಸುತ್ತಮುತ್ತ ಬಡಾವಣೆಗಳು ಬೆಳೆದಿವೆ. ಆದರೂ ನಂಜನಗೂಡಿನ ದಾರಿಯುದ್ದಕ್ಕೂ ಅಲ್ಲಲ್ಲಿ ರಾಗಿ, ಅವರೆ, ಹುರುಳಿ, ತರಕಾರಿ ಬೆಳೆಯುವ ಹೊಲಗಳು ಉಳಿದಿವೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಈ ಭಾಗದ ಯಾವ ಊರಿನ ಅರಳಿಕಟ್ಟೆಯ ಬಳಿ ನಿಂತರೂ ಒಂದೇ ಮಾತು ಕಿವಿಗೆ ಬೀಳುತ್ತದೆ: "ಇದೇನಣ್ಣ ಹವೆ, ಮಳೆಯಾದರೂ ಬರಬಾರದೆ, ಬಿಸಿಲಾದರೂ ಬೀಳಬಾರದೆ? ವಾರದಿಂದ ಹೀಗೇ ಮಂಕು ಕವಿದುಕೊಂಡು ಕೂತಿದೆ."

ಈ ಬೇಸರ ಸಹಜವಾದದ್ದೇ. ಮುಂಗಾರಿನಲ್ಲಿ ಮಳೆಯ ದಾರಿ ಕಾಯುವ ಆತಂಕವಿರುತ್ತದೆ, ಬೇಸಗೆಯಲ್ಲಿ ಗುಡುಗು ಸಿಡಿಲಿನ ಅಬ್ಬರವಿರುತ್ತದೆ. ಮಾಗಿಯಲ್ಲಿ ಇವೆರಡೂ ಇಲ್ಲ. ಇಂದಿನಂತೆ ನಾಳೆ, ನಾಳೆಯಂತೆ ನಾಡಿದ್ದು. ಏನೂ ನಡೆಯುತ್ತಿಲ್ಲವೆಂದು ತೋರಿದಾಗ ರೈತರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದು, ಹೊಲದ ಕಡೆ ಹೋಗುವುದನ್ನೇ ಬಿಡುತ್ತಾರೆ. ಇನ್ನೊಂದು, ಏನಾದರೂ ಮಾಡಲೇಬೇಕೆಂದು ಬೇಡದ ಗೊಬ್ಬರ, ಬೇಡದ ಔಷಧಿ ಹಾಕಿ ಹಣ ಕಳೆಯುತ್ತಾರೆ. ಈ ಹವೆಯ ಗುಣವನ್ನು ಅರಿತುಕೊಂಡರೆ ಎರಡೂ ನಷ್ಟವನ್ನು ತಪ್ಪಿಸಬಹುದು.

ಹವೆ ಮಂಕಾಗುವುದೇಕೆ?

ಮೈಸೂರು ದಕ್ಷಿಣ ಒಣ ವಲಯಕ್ಕೆ ಸೇರಿದ ಪ್ರದೇಶ. ವರ್ಷದ ಮಳೆ ಸರಾಸರಿ 800 ಮಿ.ಮೀ.ನ ಆಸುಪಾಸು. ಇದರಲ್ಲಿ ಮೇ ತಿಂಗಳಿನದು ಒಂದು ಹೆಚ್ಚಳ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಿನದು ಮತ್ತೊಂದು. ಜನವರಿ, ಫೆಬ್ರವರಿ ಎರಡೂ ತಿಂಗಳು ಸೇರಿದರೂ ಸರಾಸರಿ ಮಳೆ ವರ್ಷದ ಮಳೆಯ ಶೇ. 2ನ್ನು ಮುಟ್ಟುವುದಿಲ್ಲ. ಈ ಅವಧಿಯಲ್ಲಿ ಮಳೆ ಬಾರದಿರುವುದು ಕೊರತೆಯಲ್ಲ, ಈ ನಾಡಿನ ಹವಾಗುಣದ ಕ್ರಮವೇ ಹಾಗೆ.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಈಶಾನ್ಯದ ಗಾಳಿ ಬಂಗಾಳ ಕೊಲ್ಲಿಯ ತೇವವನ್ನು ಹೊತ್ತು ತರುತ್ತದೆ. ಆ ತೇವದ ಹೆಚ್ಚಿನ ಪಾಲು ತಮಿಳುನಾಡಿನ ಕರಾವಳಿಯಲ್ಲೇ ಮಳೆಯಾಗಿ ಸುರಿಯುತ್ತದೆ. ಪೂರ್ವಘಟ್ಟದ ಸಾಲುಗಳನ್ನು ದಾಟಿ ಮೈಸೂರು ಸೀಮೆಯನ್ನು ಮುಟ್ಟುವ ಹೊತ್ತಿಗೆ ಮೋಡ ಉಳಿದಿದ್ದರೂ ಮಳೆ ಸುರಿಸುವ ಶಕ್ತಿ ಕುಂದಿರುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವೋ ಚಂಡಮಾರುತವೋ ಎದ್ದಾಗ ಮೂರು ನಾಲ್ಕು ದಿನ ಸೂರ್ಯನ ಮುಖ ಕಾಣದೆ, ತುಂತುರು ಬಿದ್ದೂ ಬೀಳದಂತೆ ಇರುವುದಕ್ಕೆ ಇದೇ ಕಾರಣ. 2022ರ ಡಿಸೆಂಬರಿನಲ್ಲಿ 'ಮಾಂಡೌಸ್' ಚಂಡಮಾರುತ ಮಹಾಬಲಿಪುರದ ಬಳಿ ಕರಾವಳಿಯನ್ನು ದಾಟಿದಾಗ ದಕ್ಷಿಣ ಒಳನಾಡಿನಲ್ಲಿ ಕಂಡುಬಂದ ಮೋಡ, ಥಂಡಿ ಮತ್ತು ಜಿಟಿಜಿಟಿ ಮಳೆ ಇದಕ್ಕೆ ಒಳ್ಳೆಯ ಉದಾಹರಣೆ.

ಇನ್ನೊಂದು ಕಾರಣ ಹಗಲಿನ ಅಳತೆ. ಮೈಸೂರಿನಲ್ಲಿ ಜೂನ್ 21ರ ಸುಮಾರಿಗೆ ಹಗಲು 12 ಗಂಟೆ 50 ನಿಮಿಷವಿದ್ದರೆ, ಡಿಸೆಂಬರ್ 21-22ರಂದು ಸುಮಾರು 11 ಗಂಟೆ 25 ನಿಮಿಷ ಮಾತ್ರ. ನಡುಹಗಲಿನಲ್ಲೂ ಸೂರ್ಯ ನೆತ್ತಿಯ ಮೇಲೆ ಬರದೆ ದಕ್ಷಿಣಕ್ಕೆ ವಾಲಿರುತ್ತಾನೆ. ಸಂಕ್ರಾಂತಿಯ ಹೊತ್ತಿಗೆ ಹಗಲು ಉದ್ದವಾಗತೊಡಗಿದ್ದರೂ, ಸೂರ್ಯೋದಯ ಮಾತ್ರ ಜನವರಿಯ ಮೂರನೆಯ ವಾರದವರೆಗೂ ದಿನದಿನಕ್ಕೆ ತುಸು ತಡವಾಗುತ್ತಲೇ ಹೋಗುತ್ತದೆ. ಹಗಲಿಗೆ ಸೇರುವ ನಿಮಿಷಗಳೆಲ್ಲ ಸಂಜೆಯ ಕಡೆ ಸೇರುತ್ತವೆ. ಹಬ್ಬ ಕಳೆದರೂ ಬೆಳಗಿನ ಮಬ್ಬು ಕಳೆಯಲಿಲ್ಲವೆಂದು ಹಿರಿಯರು ಗೊಣಗುವುದರಲ್ಲಿ ಸತ್ಯವಿದೆ.

ಮಂಕಿನಲ್ಲಿ ಎರಡು ಬಗೆ

ಬೇಸಾಯದ ದೃಷ್ಟಿಯಿಂದ ಮಾಗಿಯ ಸಪ್ಪೆ ಹವೆಯನ್ನು ಎರಡು ಬಗೆಯಾಗಿ ನೋಡಬೇಕು. ಇವೆರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ.

ಮೊದಲನೆಯದು ಒಣ ಮಾಗಿ. ರಾತ್ರಿ ಆಕಾಶ ತಿಳಿಯಾಗಿರುತ್ತದೆ, ಗಾಳಿ ನಿಂತಿರುತ್ತದೆ. ಭೂಮಿ ಹಗಲಿನಲ್ಲಿ ಪಡೆದ ಕಾವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬೆಳಗಿನ ಹೊತ್ತಿಗೆ ಉಷ್ಣತೆ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಕ್ಕೆ ಹೋಗುತ್ತದೆ. ಎಲೆಗಳ ಮೇಲೆ ಇಬ್ಬನಿ ಕೂರುತ್ತದೆ, ತಗ್ಗಿನಲ್ಲಿ ಮಂಜು ಕವಿಯುತ್ತದೆ. ಒಂಬತ್ತು ಗಂಟೆಗೆಲ್ಲ ಬಿಸಿಲೇರಿ ಮಂಜು ಕರಗಿ, ಮಧ್ಯಾಹ್ನ ಉಷ್ಣತೆ 28 ಡಿಗ್ರಿಯವರೆಗೂ ಏರುತ್ತದೆ.

ಎರಡನೆಯದು ಮೋಡದ ಮಾಗಿ. ಇಲ್ಲಿ ಮೋಡ ಭೂಮಿಗೆ ಕಂಬಳಿ ಹೊದಿಸಿದಂತೆ ಇರುತ್ತದೆ. ರಾತ್ರಿಯ ಕಾವು ಹೊರಗೆ ಹೋಗುವುದಿಲ್ಲ, ಹಗಲಿನ ಕಾವು ಒಳಗೆ ಬರುವುದಿಲ್ಲ. ಬೆಳಗ್ಗೆ 18-19 ಡಿಗ್ರಿ, ಮಧ್ಯಾಹ್ನ 23-24 ಡಿಗ್ರಿ. ಹೀಗೆ ಹಗಲು ರಾತ್ರಿಗಳ ಅಂತರ ಐದಾರು ಡಿಗ್ರಿಗೆ ಇಳಿಯುವುದುಂಟು. ಗಾಳಿಯಲ್ಲಿ ತೇವ ತುಂಬಿರುತ್ತದೆ, ಎಲೆಯ ಮೇಲಿನ ಹನಿ ಆರುವುದೇ ಇಲ್ಲ.

ಮನುಷ್ಯನ ಮನಸ್ಸಿಗೆ ಎರಡೂ ಮಂಕೇ. ಆದರೆ ಒಣ ಮಾಗಿ ರೈತನ ಮಿತ್ರ. ಮೋಡದ ಮಾಗಿ ಸದ್ದಿಲ್ಲದೆ ಬರುವ ಕಳ್ಳ.

ವಿಮಾನ ನಿಲ್ದಾಣದಲ್ಲಿ ಕಂಬಕ್ಕೆ ಕಟ್ಟಿದ ಗಾಳಿಚೀಲ ಜೋತುಬಿದ್ದಿದ್ದರೆ ಗಾಳಿ ನಿಂತಿದೆಯೆಂದು ಅರ್ಥ. ಕಣ್ಣಿಗೆ ಕಾಣುವ ದೂರ ಒಂದು ಸಾವಿರ ಮೀಟರಿಗಿಂತ ಕಡಿಮೆಯಾದರೆ ಅದನ್ನು ಅಲ್ಲಿ ಮಂಜು ಎಂದು ಲೆಕ್ಕ ಹಾಕುತ್ತಾರೆ. ವಿಮಾನ ಹಾರಿಸುವವನಿಗೆ ಇದು ದಾರಿಯ ತೊಡಕು. ಬೇಲಿಯ ಈಚೆಗಿನ ಟೊಮೇಟೊ ಬೆಳೆಗಾರನಿಗೆ ಅದೇ ಮಂಜು ಎಲೆ ಆರಲಿಲ್ಲವೆಂಬ ಸೂಚನೆ. ಹವೆ ಒಂದೇ ಆದರೂ ಓದುವ ಬಗೆ ಬೇರೆ.

ಒಣ ಮಾಗಿಯ ಲಾಭ

ಸಪ್ಪೆ ಹವೆಯೆಂದು ಬೇಸರಪಡುವವರು 2021ರ ನವೆಂಬರ್ ತಿಂಗಳನ್ನು ನೆನಪಿಗೆ ತಂದುಕೊಳ್ಳಬೇಕು. ಆ ವರ್ಷ ಹವೆ ಸಪ್ಪೆಯಾಗಿರಲಿಲ್ಲ. ಕೊಲ್ಲಿಯಲ್ಲಿ ಒಂದರ ಮೇಲೊಂದು ವಾಯುಭಾರ ಕುಸಿತಗಳು ಉಂಟಾಗಿ ದಕ್ಷಿಣ ಒಳನಾಡಿನಲ್ಲಿ ವಾಡಿಕೆಗಿಂತ ಬಹಳ ಹೆಚ್ಚು ಮಳೆ ಸುರಿಯಿತು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿತು. ಕೊಯ್ದು ಹಾಕಿದ ತೆನೆಗಳಲ್ಲಿ ಮೊಳಕೆ ಬಂತು. ಹುಲ್ಲು ಕಪ್ಪಾಗಿ ದನಗಳಿಗೂ ಒದಗದಂತಾಯಿತು. ಟೊಮೇಟೊ ಬೆಳೆ ಕೊಳೆತು, ಪೇಟೆಯಲ್ಲಿ ಬೆಲೆ ಗಗನಕ್ಕೇರಿದರೂ ಮಾರಲು ಬಹಳ ರೈತರ ಬಳಿ ಹಣ್ಣಿರಲಿಲ್ಲ. ಏನೂ ನಡೆಯದ ಹವೆಯ ಬೆಲೆ ಎಷ್ಟೆಂಬುದು ಅಂಥ ವರ್ಷ ತಿಳಿಯುತ್ತದೆ.

ರಾಗಿಯ ಕೊಯ್ಲು, ಮೆದೆ, ಕಣದ ಕೆಲಸ ಎಲ್ಲಕ್ಕೂ ಒಣ ಮಾಗಿಯೇ ಆಧಾರ. ಕಾಳಿನ ತೇವಾಂಶ ಶೇ. 12ಕ್ಕೆ ಇಳಿದ ಮೇಲೆ ಸಂಗ್ರಹಿಸಿದರೆ ಬೂಸು ಹಿಡಿಯುವುದಿಲ್ಲ. ಇಬ್ಬನಿ ಆರಿದ ನಂತರ, ಎಂದರೆ ಹತ್ತು ಗಂಟೆಯ ಮೇಲೆ ಕಣದಲ್ಲಿ ಹರವಿ, ಸಂಜೆ ನಾಲ್ಕೂವರೆಯೊಳಗೆ ಗುಡ್ಡೆ ಮಾಡಿ ಮುಚ್ಚಬೇಕು. ರಾತ್ರಿ ಬಿಟ್ಟರೆ ಹಗಲು ಆರಿದ ಕಾಳು ಇಬ್ಬನಿಯಲ್ಲಿ ಮತ್ತೆ ತೇವ ಹೀರಿಕೊಳ್ಳುತ್ತದೆ.

ಅವರೆಯ ವಿಷಯವೂ ಗಮನಾರ್ಹ. ರಾಗಿಯಲ್ಲಿ ಅಕ್ಕಡಿಯಾಗಿ ಹಾಕುವ ನಾಟಿ ಅವರೆ ಹಗಲು ಗಿಡ್ಡವಾದ ಮೇಲೆಯೇ ಹೂ ಬಿಡುವ ಜಾತಿ. ಮಬ್ಬು ಕವಿದು ಹಗಲು ಕುಗ್ಗಿತೆಂದು ಜನ ಬೇಸರಪಡುವ ಸಮಯವೇ ಅದಕ್ಕೆ ಹೂ ಬಿಡಲು ಸಂಕೇತ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ಸುಧಾರಿತ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಕೊಡುತ್ತವೆ. ಆದರೂ ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಹೆಚ್ಚು ಎಂಬುದು ರೈತರ ಅನುಭವ. ಧನುರ್ಮಾಸದ ಸೊಗಡಿನ ಕಾಯಿಗೆ ಪೇಟೆಯಲ್ಲಿರುವ ಬೇಡಿಕೆ ಬೇರೆ ಕಾಲದ ಕಾಯಿಗಿಲ್ಲ.

ಹುರುಳಿ ಇಬ್ಬನಿಯಲ್ಲೇ ಬೆಳೆಯುತ್ತದೆ ಎಂಬ ಮಾತಿದೆ. ಇದನ್ನು ತುಸು ತಿದ್ದಿ ಹೇಳಬೇಕು. ಒಂದು ರಾತ್ರಿಯ ಇಬ್ಬನಿ ಅರ್ಧ ಮಿ.ಮೀ. ಮುಟ್ಟುವುದೂ ಅಪರೂಪ. 0.2 ಮಿ.ಮೀ. ಎಂದು ಹಿಡಿದರೆ ಎಕರೆಗೆ ಸುಮಾರು 800 ಲೀಟರ್ ನೀರಾಗುತ್ತದೆ. ಕೇಳಲು ದೊಡ್ಡ ಲೆಕ್ಕ, ಆದರೆ ಬೇರಿನವರೆಗೆ ಇಳಿಯುವ ನೀರಲ್ಲ. ಇಬ್ಬನಿ ಆರುವ ತನಕ ಎಲೆಯಿಂದ ನೀರು ಆವಿಯಾಗುವುದು ನಿಲ್ಲುವುದರಿಂದ ಮಣ್ಣಿನಲ್ಲಿ ಉಳಿದ ತೇವ ಇನ್ನೂ ಕೆಲವು ದಿನ ಒದಗುತ್ತದೆ. ಹುರುಳಿಗೆ ಅನ್ನ ಹಾಕುವುದು ಹಿಂಗಾರಿನಲ್ಲಿ ಮಣ್ಣು ಕುಡಿದ ನೀರು; ಇಬ್ಬನಿ ಆ ನೀರಿನ ಕಾವಲುಗಾರ.

ಮಾವಿಗೂ ತಂಪು ರಾತ್ರಿ ಮತ್ತು ಒಣ ಮಣ್ಣು ಎರಡೂ ಬೇಕು. ಚಿಗುರುವ ಕಣ್ಣು ಹೂವಿನ ಕಣ್ಣಾಗಲು ಕೆಲವು ವಾರಗಳ ತಂಪು ಅಗತ್ಯ. ಮರ ಸುಮ್ಮನೆ ನಿಂತಿದೆಯೆಂದು ಈ ಸಮಯದಲ್ಲಿ ನೀರು ಹಾಯಿಸಿದರೆ ಹೂವಿನ ಬದಲು ಚಿಗುರು ಬರುವ ಸಂಭವವೇ ಹೆಚ್ಚು.

ಮೋಡದ ಮಾಗಿಯ ಅಪಾಯ

ಮೋಡ ಕವಿದು ಮೂರು ದಿನ ಕಳೆದರೆ ರೈತರು ಎಚ್ಚರವಾಗಬೇಕು. ಈ ಹವೆಯಲ್ಲಿ ಬೆಳೆ ನಿಧಾನವಾಗುತ್ತದೆ, ರೋಗ ಚುರುಕಾಗುತ್ತದೆ.

ಟೊಮೇಟೊ ಮತ್ತು ಆಲೂಗೆಡ್ಡೆ: ಇವುಗಳಿಗೆ ಬರುವ ಅಂಗಮಾರಿ ರೋಗಕ್ಕೆ ತಂಪು ಹವೆ, ಶೇ. 90ಕ್ಕೂ ಮೀರಿದ ಆರ್ದ್ರತೆ ಮತ್ತು ಹತ್ತು ಗಂಟೆಗೂ ಹೆಚ್ಚು ಕಾಲ ಆರದ ಎಲೆ ಇದ್ದರೆ ಸಾಕು. ಎಲೆಯ ಅಂಚಿನಲ್ಲಿ ನೀರಲ್ಲಿ ನೆನೆದಂಥ ಮಚ್ಚೆ ಕಾಣಿಸಿಕೊಂಡು, ಬೆಳಗಿನ ಹೊತ್ತು ಎಲೆಯ ಕೆಳಭಾಗದಲ್ಲಿ ಬಿಳಿಯ ಬೂಸು ಕಾಣುತ್ತದೆ. ವಾರದೊಳಗೆ ಇಡೀ ತಾಕು ಸುಟ್ಟಂತಾಗಬಹುದು. ಮಚ್ಚೆ ಕಾಣುವ ಮೊದಲೇ, ಮೋಡದ ಮುನ್ಸೂಚನೆ ಬಂದ ಕೂಡಲೆ ಒಂದು ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಎಲೆಯ ಎರಡೂ ಮಗ್ಗುಲು ನೆನೆಯುವಂತೆ ಸಿಂಪಡಿಸಬೇಕು. ರೋಗ ಕಾಣಿಸಿಕೊಂಡಿದ್ದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಔಷಧಿಯನ್ನು ಲೀಟರಿಗೆ 2 ಗ್ರಾಂನಂತೆ ಬಳಸಬಹುದು. ರೋಗ ಬಡಿದ ಎಲೆಗಳನ್ನು ಬದುವಿನ ಮೇಲೆ ಎಸೆಯದೆ ಹೂಳಬೇಕು.

ಮಾವು: ಹೂ ಬಿಟ್ಟಾಗ ಮಂಜು ಮತ್ತು ಮೋಡ ಕೂಡಿ ಬಂದರೆ ಬೂದಿ ರೋಗ ಮತ್ತು ಜಿಗಿಹುಳುವಿನ ಬಾಧೆ ಹೆಚ್ಚುತ್ತದೆ. ಹೂಗೊಂಚಲು ಹೊರಬರುವ ಹಂತದಲ್ಲೇ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಿಂಪಡಿಸುವುದು ಒಳ್ಳೆಯದು. ಹೂ ಪೂರ್ತಿ ಅರಳಿದಾಗ ಕೀಟನಾಶಕ ಹೊಡೆಯಬಾರದು. ಪರಾಗಸ್ಪರ್ಶಕ್ಕೆ ನೆರವಾಗುವ ಜೇನು ಮತ್ತು ನೊಣಗಳು ಸತ್ತರೆ ಕಾಯಿ ಕಟ್ಟುವುದೇ ಇಲ್ಲ.

ಅವರೆ: ಸಸ್ಯಹೇನು ಎಳೆಯ ಚಿಗುರು, ಹೂಗೊಂಚಲುಗಳಲ್ಲಿ ಕಪ್ಪಾಗಿ ಮುತ್ತಿಕೊಳ್ಳುತ್ತದೆ. ಕಾಯಿಕೊರಕವೂ ಹೆಚ್ಚುತ್ತದೆ. ಹಸಿ ಕಾಯಿ ಮಾರುವವರು ಶೇ. 5ರ ಬೇವಿನ ಬೀಜದ ಕಷಾಯವನ್ನೇ ನೆಚ್ಚುವುದು ಉತ್ತಮ. ಇಂದು ವಿಷ ಹೊಡೆದು ನಾಳೆ ಕಾಯಿ ಕಿತ್ತು ಪೇಟೆಗೆ ಕಳುಹಿಸುವುದು ತಿನ್ನುವವರಿಗೆ ಮಾಡುವ ದ್ರೋಹ.

ರೇಷ್ಮೆ: ತಂಪು ಮತ್ತು ತೇವ ಕೂಡಿದಾಗ ಹುಳುಗಳಿಗೆ ಸುಣ್ಣಕಟ್ಟು ರೋಗ ತಗಲುತ್ತದೆ. ಚಾಕಿ ಹುಳುವಿಗೆ 27-28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಉಷ್ಣತೆ ಇರುವಂತೆ ಮನೆಯನ್ನು ಬೆಚ್ಚಗಿಡಬೇಕು. ಇದ್ದಿಲಿನ ಒಲೆ ಇಟ್ಟರೆ ಹೊಗೆ ಹೊರಹೋಗಲು ದಾರಿಯಿರಬೇಕು. ಇಬ್ಬನಿಯಲ್ಲಿ ನೆನೆದ ಸೊಪ್ಪನ್ನು ಹಾಗೆಯೇ ಹಾಕಬಾರದು. ಹಾಸಿಗೆ ತೇವವಾಗಿದ್ದರೆ ಹುಳು ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸಬೇಕು.

ಬೇಸಗೆ ಭತ್ತದ ಒಟ್ಟಲು: ನಾಲೆಯ ನೀರು ಸಿಗುವ ಕಡೆ ಜನವರಿಯಲ್ಲಿ ಬಿತ್ತಿದ ಒಟ್ಟಲು ಚಳಿಗೆ ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಸಂಜೆ ನೀರು ಕಟ್ಟಿ ಬೆಳಗ್ಗೆ ಬಸಿದರೆ ರಾತ್ರಿಯ ಚಳಿಯಿಂದ ಸಸಿಗೆ ರಕ್ಷಣೆ ಸಿಗುತ್ತದೆ, ಹಗಲು ಮಣ್ಣು ಬೇಗ ಕಾಯುತ್ತದೆ.

ಬೇಸರದಲ್ಲಿ ಮಾಡುವ ತಪ್ಪುಗಳು

ಬೆಳೆ ಮಂಕಾಗಿ ಕಂಡಾಗ ಯೂರಿಯಾ ಚೆಲ್ಲುವುದು ಮೊದಲ ತಪ್ಪು. ಮೋಡದ ದಿನಗಳಲ್ಲಿ ಗಿಡ ಮಂಕಾಗುವುದು ಹೆಚ್ಚಾಗಿ ಬೆಳಕಿನ ಕೊರತೆಯಿಂದ. ಬೆಳಕಿಲ್ಲದೆ ಗಿಡ ಆಹಾರ ತಯಾರಿಸಲಾರದು. ಆಗ ಸಾರಜನಕ ಕೊಟ್ಟರೆ ಎಲೆ ಮೆದುವಾಗಿ, ರಸ ತುಂಬಿ, ಹೇನು ಮತ್ತು ರೋಗಕ್ಕೆ ಔತಣವಾಗುತ್ತದೆ. ಎರಡು ಮೂರು ದಿನ ಬಿಸಿಲು ಕಂಡ ಮೇಲೂ ಗಿಡ ಚೇತರಿಸಿಕೊಳ್ಳದಿದ್ದರೆ ಮಾತ್ರ ಗೊಬ್ಬರದ ವಿಚಾರ ಮಾಡಬೇಕು.

ವಾಡಿಕೆಯಂತೆ ನೀರು ಬಿಡುವುದು ಎರಡನೆಯದು. ಬಿಸಿಲಿಲ್ಲದೆ ಗಾಳಿಯಿಲ್ಲದೆ ಇದ್ದಾಗ ಗಿಡವೂ ಮಣ್ಣೂ ಕಳೆದುಕೊಳ್ಳುವ ನೀರು ತೀರ ಕಡಿಮೆ. ನಾಲ್ಕು ದಿನಕ್ಕೊಮ್ಮೆ ನೀರು ಕೊಡುತ್ತಿದ್ದವರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಆರೇಳು ದಿನಕ್ಕೆ ಮುಂದೂಡಬಹುದು. ಸಂಜೆ ನೀರು ಹಾಯಿಸಿದರೆ ರಾತ್ರಿಯೆಲ್ಲ ತಾಕಿನಲ್ಲಿ ತೇವ ನಿಲ್ಲುವುದರಿಂದ ತರಕಾರಿಗೆ ಬೆಳಗಿನ ನೀರೇ ಲೇಸು.

ಮುಂಜಾನೆಯ ನಿಶ್ಚಲ ಹವೆಯಲ್ಲಿ ಔಷಧಿ ಹೊಡೆಯುವುದು ಮೂರನೆಯದು. ಮಾಗಿಯ ಬೆಳಗ್ಗೆ ಒಲೆಯ ಹೊಗೆ ಮೇಲೇಳದೆ ಹೆಂಚಿನ ಮಟ್ಟದಲ್ಲೇ ಹರಡಿ ನಿಲ್ಲುವುದನ್ನು ಎಲ್ಲರೂ ನೋಡಿರುತ್ತಾರೆ. ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುವುದೇ ಇದಕ್ಕೆ ಕಾರಣ. ಸಿಂಪಡಿಸಿದ ಸಣ್ಣ ಹನಿಗಳೂ ಹೊಗೆಯಂತೆಯೇ ಅಲ್ಲೇ ತೇಲಿ ಹೊಡೆಯುವವನ ಮೂಗು ಬಾಯಿ ಸೇರುತ್ತವೆ, ಇಲ್ಲವೆ ಪಕ್ಕದ ಹೊಲಕ್ಕೆ ಜಾರುತ್ತವೆ. ಎಲೆಯ ಮೇಲೆ ಬಿದ್ದದ್ದು ಇಬ್ಬನಿಯ ಜೊತೆ ಹರಿದುಹೋಗುತ್ತದೆ. ಹೊಗೆ ಮೇಲೇಳತೊಡಗಿ ಎಲೆ ಆರಿದ ಮೇಲೆ ಸಿಂಪಡಿಸುವುದು ಸರಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅದು ಹೊಲಕ್ಕೆ ಹೋಗದಿರುವುದು. ಚಳಿಯಲ್ಲಿ ಹೊದ್ದು ಕುಳಿತ ಐದು ದಿನಗಳಲ್ಲಿ ಅಂಗಮಾರಿ ಒಂದು ಗಿಡದಿಂದ ಇಡೀ ಸಾಲಿಗೆ ಹಬ್ಬಿರುತ್ತದೆ. ಸಾಲ ಮಾಡಿ ಕೋಲು ನೆಟ್ಟು, ತಂತಿ ಕಟ್ಟಿ ಬೆಳೆಸಿದ ಟೊಮೇಟೊ ಒಂದು ವಾರದ ಆಲಸ್ಯಕ್ಕೆ ಹೋಗಿಬಿಟ್ಟರೆ ಆ ಸಂಸಾರ ಮುಂದಿನ ಮುಂಗಾರಿನವರೆಗೂ ಚೇತರಿಸಿಕೊಳ್ಳುವುದು ಕಷ್ಟ.

ದನಕರುಗಳ ಬಗ್ಗೆ ಎರಡು ಮಾತು. ಕರುಗಳಿಗೆ ಒಣ ಹುಲ್ಲಿನ ಹಾಸು ಇರಲಿ. ಇಬ್ಬನಿ ಆರುವ ಮೊದಲು ಹಸಿ ದ್ವಿದಳ ಮೇವಿನ ಮೇಲೆ ದನ ಬಿಟ್ಟರೆ ಹೊಟ್ಟೆಯುಬ್ಬರ ಬರುವ ಸಂಭವವಿದೆ.

ಹವೆಯ ದಿನಚರಿ

ಹಿಂದಿನವರು ಮಾಗಿಯ ಆಕಾಶವನ್ನು ಖಾಲಿಯೆಂದು ತಿಳಿದಿರಲಿಲ್ಲ. ಮಾರ್ಗಶಿರ, ಪುಷ್ಯ ಮಾಸಗಳ ಮೋಡ, ಮಂಜು, ಗಾಳಿಗಳನ್ನು ಮಳೆಯ ಗರ್ಭವೆಂದು ಗುರುತಿಸಿ, 195 ದಿನಗಳ ನಂತರ ಅದು ಮಳೆಯಾಗಿ ಇಳಿಯುತ್ತದೆಂದು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಲೆಕ್ಕ ಹಾಕಲಾಗಿದೆ. ಇಂದಿನ ಹವಾಮಾನ ಶಾಸ್ತ್ರ ಈ ಲೆಕ್ಕವನ್ನು ಒಪ್ಪುವುದಿಲ್ಲ. ಅದನ್ನು ನಂಬಿ ಬಿತ್ತನೆಯ ದಿನ ಗೊತ್ತುಮಾಡಬಾರದು. ಆದರೆ ಏನೂ ನಡೆಯದಂತೆ ಕಾಣುವ ದಿನಗಳಲ್ಲಿ ದಿನವೂ ಆಕಾಶ ನೋಡಿ ಗುರುತಿಟ್ಟುಕೊಳ್ಳುವ ಅಭ್ಯಾಸ ಅನುಸರಿಸಲು ಯೋಗ್ಯವಾದದ್ದು.

ಒಂದು ನೋಟ್ ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಸಂಗತಿ ಬರೆದಿಟ್ಟರೆ ಸಾಕು. ಎಲೆಯ ಮೇಲಿನ ಇಬ್ಬನಿ ಎಷ್ಟು ಗಂಟೆಗೆ ಆರಿತು? ಆಕಾಶದಲ್ಲಿ ಮೋಡ ಕಾಲು ಭಾಗವೋ, ಅರ್ಧವೋ, ಪೂರ್ತಿಯೋ? ಗಾಳಿ ಯಾವ ದಿಕ್ಕಿನಿಂದ ಬಂತು? ಕೆಳಗಿನ ಎಲೆಗಳಲ್ಲಿ ಏನು ಕಂಡಿತು? ಎಲೆ ಹತ್ತು ಗಂಟೆಯ ಮೇಲೂ ಒದ್ದೆಯಾಗಿಯೇ ಉಳಿಯುವುದು ಮೂರು ದಿನ ಮುಂದುವರಿದರೆ ತರಕಾರಿ ತಾಕನ್ನು ಸಾಲು ಸಾಲಾಗಿ ಪರೀಕ್ಷಿಸಬೇಕು. ಎರಡು ಮೂರು ವರ್ಷದ ಇಂಥ ದಾಖಲೆ ಆ ಹೊಲದ ಮಟ್ಟಿಗೆ ಬಹಳ ಬೆಲೆಯುಳ್ಳದ್ದು.

ಇದರ ಜೊತೆಗೆ ಭಾರತ ಹವಾಮಾನ ಇಲಾಖೆಯ ಕೃಷಿ ಹವಾಮಾನ ಸಲಹೆಗಳು, 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಮಾಹಿತಿ ರೈತರಿಗೆ ದೊರೆಯುತ್ತವೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂಬ ಸುದ್ದಿ ಬಂದ ದಿನವೇ ಕಣದ ರಾಗಿ ಮುಚ್ಚಲು ಟಾರ್ಪಾಲು, ತರಕಾರಿಗೆ ಔಷಧಿ ಸಿದ್ಧಮಾಡಿಕೊಳ್ಳಬೇಕು. ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಈ ಸುದ್ದಿಯನ್ನು ಊರಿನ ಹಾಲಿನ ಡೈರಿಯ ಬಳಿ ಹಲಗೆಯ ಮೇಲೆ ಬರೆದು ಹಾಕಿದರೆ ಮೊಬೈಲ್ ನೋಡದ ಹಿರಿಯರಿಗೂ ತಲುಪುತ್ತದೆ.

ನೆನಪಿಡಬೇಕಾದ ಅಂಶಗಳು

1. ಜನವರಿ-ಫೆಬ್ರವರಿಯಲ್ಲಿ ಮಳೆ ಬಾರದಿರುವುದು ಮೈಸೂರು ಸೀಮೆಯ ಸಹಜ ಕ್ರಮ.
2. ತಿಳಿಯಾದ ಒಣ ಮಾಗಿ ಕೊಯ್ಲು, ಒಕ್ಕಣೆಗೆ ಅನುಕೂಲ. ಕಾಳು ಶೇ. 12ರ ತೇವಾಂಶಕ್ಕೆ ಒಣಗಲಿ.
3. ಮೂರು ದಿನ ಮೋಡ ನಿಂತರೆ ಟೊಮೇಟೊ, ಆಲೂಗೆಡ್ಡೆ, ಅವರೆ, ಮಾವುಗಳನ್ನು ದಿನವೂ ಪರೀಕ್ಷಿಸಬೇಕು.
4. ಮೋಡದ ದಿನಗಳಲ್ಲಿ ಯೂರಿಯಾ ಬೇಡ, ನೀರು ಮಿತವಾಗಿರಲಿ.
5. ಇಬ್ಬನಿ ಆರಿ, ಹೊಗೆ ಮೇಲೇಳುವವರೆಗೆ ಔಷಧಿ ಸಿಂಪಡಿಸಬಾರದು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅಲ್ಲಿಯವರೆಗೆ ಹವೆ ಮಂಕಾಗಿಯೇ ಇರಲಿ. ದಿನಕ್ಕೊಮ್ಮೆ ಹೊಲವನ್ನು ಸುತ್ತಿ ಬರುವ ರೈತನಿಗೆ ಆ ಮಂಕಿನಲ್ಲೂ ಮಾಡಬೇಕಾದ ಕೆಲಸ ಯಾವುದು, ಮಾಡಬಾರದ ಖರ್ಚು ಯಾವುದು ಎಂಬುದು ಕಾಣುತ್ತದೆ.